ಸುಣ್ಣದ ಡಬ್ಬಿಯಷ್ಟು

ಆ ವರ್ಷ ನಮ್ಮ ಮನೆಯ ಕೆಂಪು ಕಡುವಾಗುತ್ತ ಬಂತು. ಅದೇ ಮಂಜಿಷ್ಠದ ಬೇರು, ಅದೇ ಬಾವಿಯ ನೀರು, ಅದೇ ತಾಮ್ರದ ಹಂಡೆ. ಆದರೂ ಹಗ್ಗದ ಮೇಲೆ ಹರವಿದ ಸೀರೆಗಳು ದಾಸವಾಳದ ಬಣ್ಣ ಬಿಟ್ಟು ನೇರಳೆಹಣ್ಣಿನ ಕಡೆಗೆ ಜಾರತೊಡಗಿದವು. ನೋಡಿದವರೆಲ್ಲ ಹೊಗಳಿದರು. ಸೇತುವೆಯಾಚೆಯಿಂದ ಬರುವ ವ್ಯಾಪಾರಿ ಸೀರೆಯೊಂದನ್ನು ಬಿಸಿಲಿಗೆ ಹಿಡಿದು, "ಹಂಪಮ್ಮನೋರೇ, ಇದೆಲ್ಲಿ ಕಲಿತ್ರಿ? ಮದುವೆ ಕಾಲಕ್ಕೆ ನಂಗೆ ಇದೇ ಬಣ್ಣ ಬೇಕು" ಅಂದ. ನನ್ನ ಗಂಡ ಮಾರ್ಕಂಡಪ್ಪ ಹಿಂದೆಮುಂದೆ ನೋಡದೆ ಒಪ್ಪಿಕೊಂಡರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದೆ. ಹೊಗಳಿಕೆಗೆ ನಾಚಿದಳು ಅಂದುಕೊಂಡರು. ನಾಚಿಕೆಯೇನೋ ಹೌದು, ಆದರೆ ಹೊಗಳಿಕೆಗಲ್ಲ.

ನಮ್ಮೂರಲ್ಲಿ ಗಡಿಯಾರ ನಡೆಯುವುದಿಲ್ಲ. ಕೈಗೆ ಕಟ್ಟಿಕೊಂಡು ಬಂದವರದು ಸೇತುವೆಯ ನಟ್ಟನಡುವೆ ನಿಲ್ಲುತ್ತದೆ, ಹಿಂದಿರುಗುವಾಗ ಅದೇ ಜಾಗದಲ್ಲಿ ಮತ್ತೆ ಹೊರಡುತ್ತದೆ. ಮೊಬೈಲಿನಲ್ಲಿ ಮಾತಾಡಬಹುದು, ಅದರೊಳಗಿನ ಗಂಟೆ ಮಾತ್ರ ಸೇತುವೆ ದಾಟಿದ ನಿಮಿಷಕ್ಕೇ ಅಂಟಿಕೊಂಡಿರುತ್ತದೆ. ಮದುವೆಗೆ ಗೋಡೆ ಗಡಿಯಾರ ತರುವ ಹೊರಗಿನ ನೆಂಟರಿದ್ದಾರೆ. ಅವರ ಮನಸ್ಸಿಗೆ ಬೇಸರವಾಗದಿರಲಿ ಎಂದು ಕನ್ನಡಿಯ ಪಕ್ಕ ತೂಗುಹಾಕುತ್ತೇವೆ.

ನಮಗೆ ಹೊತ್ತು ಸಿಗುವುದು ಮನೆಯ ಹೆಂಗಸಿನ ಮಣಿಕಟ್ಟಿನಿಂದ. ಅನ್ನ ಬೇಯಲು ಇಷ್ಟು ಬಡಿತ, ಹಾಲು ಕಾಯಲು ಇಷ್ಟು, ಎಣ್ಣೆ ಹಚ್ಚಿದ ಕೂಸನ್ನು ಎಳೆಬಿಸಿಲಲ್ಲಿ ಮಲಗಿಸಲು ಇಷ್ಟು ಎಂದು ಅತ್ತೆ ಸೊಸೆಗೆ ಎಣಿಕೆ ಹೇಳಿಕೊಡುತ್ತಾಳೆ. ಹೊಸ ಸೊಸೆ ಹೊಸ್ತಿಲು ದಾಟಿದರೆ ದೀಪ ಹಚ್ಚಿಸುವ ಮೊದಲೇ ಅವಳ ಎಡಗೈ ಹಿಡಿದು ನಾಡಿ ನೋಡುವುದು ಪದ್ಧತಿ. ನನ್ನ ಅತ್ತೆ ನೋಡಿ, "ಪರವಾಗಿಲ್ಲ, ಬಣ್ಣಕ್ಕೆ ಆಗ್ತಾಳೆ" ಅಂದಿದ್ದರು. ಅಂದಿನಿಂದ ಹಂಡೆಯ ಎಣಿಕೆ ನನ್ನದು. ಬಟ್ಟೆ ಹಂಡೆಗೆ ಬಿದ್ದ ಕೂಡಲೇ ಬಲಗೈ ಬೆರಳುಗಳನ್ನು ಎಡ ಮಣಿಕಟ್ಟಿನ ಮೇಲಿಟ್ಟು ಮನಸ್ಸಿನಲ್ಲೇ ಎಣಿಸುತ್ತೇನೆ. ಮುಗಿದ ಮೇಲೆ "ಹೂಂ" ಅನ್ನುತ್ತೇನೆ, ಮಾರ್ಕಂಡಪ್ಪ ಕೋಲಿನಿಂದ ಬಟ್ಟೆ ಎತ್ತುತ್ತಾರೆ. ಇಷ್ಟು ವರ್ಷದಲ್ಲಿ ಆ ಎಣಿಕೆ ಒಂದೂ ಹೆಚ್ಚಾಗಿಲ್ಲ, ಒಂದೂ ಕಡಿಮೆಯಾಗಿಲ್ಲ. ಹೆಚ್ಚಾದದ್ದು ಬಡಿತಕ್ಕೂ ಬಡಿತಕ್ಕೂ ನಡುವಿನ ಜಾಗ.

ಅದು ನನಗೆ ಗೊತ್ತಿತ್ತು. ಅನ್ನ ಮುದ್ದೆಯಾಗುತ್ತಿತ್ತು, ಹಾಲು ಉಕ್ಕಿ ಒಲೆಗೆ ಹರಿಯುತ್ತಿತ್ತು. ನದಿಯಿಂದ ಮೆಟ್ಟಿಲು ಹತ್ತುವಾಗ ಕಣ್ಣಿನ ಅಂಚು ಕಪ್ಪಾಗುತ್ತಿತ್ತು. ಬೀದಿಯ ಹೊತ್ತಿಗೂ ನಮ್ಮ ಮನೆಯ ಹೊತ್ತಿಗೂ ತಾಳ ತಪ್ಪಿತು. ಊರೆಲ್ಲ ಊಟ ಮುಗಿಸಿ ಅಡ್ಡಾದರೂ ನಮ್ಮಲ್ಲಿ ಒಗ್ಗರಣೆ ಬಿದ್ದಿರುತ್ತಿರಲಿಲ್ಲ. ಎದುರುಮನೆ ಲಕುಮಮ್ಮ ತಮ್ಮ ಜಗುಲಿಯಿಂದಲೇ, "ಏನ್ ಹಂಪಕ್ಕ, ನಿಮ್ಮನೇಲಿ ಇನ್ನೂ ನಿನ್ನೇನಾ?" ಅಂತ ಕೂಗಿದರೆ ಬೀದಿಗೆ ಬೀದಿಯೇ ನಗುತ್ತಿತ್ತು. ನಾನೂ ನಗುತ್ತಿದ್ದೆ. ನನ್ನ ಎದೆ ಸೋತಿದೆ ಎಂದು ಹೇಳಿಕೊಳ್ಳುವುದಕ್ಕಿಂತ ನಾನು ಸೋಮಾರಿ ಅನ್ನಿಸಿಕೊಳ್ಳುವುದೇ ಲೇಸು ಅನ್ನಿಸುತ್ತಿತ್ತು.

ಬೀದಿಯ ಹೊತ್ತು ಸಾರುವವಳು ನನ್ನ ಓರಗಿತ್ತಿ ತುಂಗಕ್ಕ. ಭಾವ ತೀರಿಕೊಂಡ ಮೇಲೆ ನಮ್ಮ ಮನೆಯ ಮುಂಗೋಣೆಯಲ್ಲಿ ಒಬ್ಬಳೇ ಇದ್ದಾಳೆ. ಜಗುಲಿಯ ತೊಲೆಗೆ ತೂಗುಬಿಟ್ಟ ಕಂಚಿನ ಜಾಗಟೆಯನ್ನು ಅವಳು ಬಾರಿಸಿದರೆ ಬೀದಿಯವರು ಒಲೆ ಹಚ್ಚುತ್ತಾರೆ, ಮತ್ತೆ ಬಾರಿಸಿದರೆ ಕೆಲಸ ಬಿಟ್ಟು ಏಳುತ್ತಾರೆ. ಅವಳ ನಾಡಿಯಂಥ ನಾಡಿ ಊರಲ್ಲೇ ಇಲ್ಲ ಎಂದು ಹೆಸರು. ತೀರ್ಥಯಾತ್ರೆಗೆ ಹೋಗಿಬಂದಾಗಿನಿಂದ ಅವಳು ಕುತ್ತಿಗೆ ಮುಚ್ಚುವ ಕಾಲರಿನ ರವಿಕೆ ತೊಡುತ್ತಾಳೆ, ನದಿಗೆ ಮೀಯಲು ಬರುವುದಿಲ್ಲ. ವೈರಾಗ್ಯ ಬಂದಿದೆ ಅಂದರು ಜನ. "ಪೊಲೀಸಿನವಳ ಥರ ಕಾಣ್ತಾಳೆ" ಎಂದು ಬಾವಿಕಟ್ಟೆಯಲ್ಲಿ ಎಲ್ಲರನ್ನೂ ನಗಿಸಿದವಳು ನಾನು.

ಒಂದು ದಿನ ಹಂಡೆಯ ಪಕ್ಕದಲ್ಲೇ ಎಣಿಕೆಯ ನಡುವೆ ಬಿದ್ದೆ. ಕಣ್ಣು ಬಿಟ್ಟಾಗ ಲಕುಮಮ್ಮ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟು ಹಿಡಿದಿದ್ದರು. ನಮ್ಮಲ್ಲಿ ಬೇರೆ ಮನೆಯವರ ಮಣಿಕಟ್ಟು ಹಿಡಿಯುವ ಹಾಗಿಲ್ಲ, ಅದು ಮುಚ್ಚಿದ ಬಾಗಿಲು ತೆರೆದು ನೋಡಿದಂತೆ. ಅವರು ಸ್ವಲ್ಪ ಹೊತ್ತು ಎಣಿಸಿದರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ನನ್ನ ಹೊಟ್ಟೆಯ ಮೇಲಿಟ್ಟು ಸೆರಗು ಹೊದಿಸಿದರು. ಅಂಥ ಹರಿತ ನಾಲಿಗೆಯವರು ಅವತ್ತು ಏನೂ ಅನ್ನಲಿಲ್ಲ. ನನಗೆ ಮೊದಲು ಹೆದರಿಕೆಯಾದದ್ದು ಆಗ.

ಮಗಳು ದಾಕ್ಷಾಯಿಣಿಯನ್ನು ಸೇತುವೆಯಾಚೆಯ ಊರಿಗೆ ಕೊಟ್ಟಿದ್ದೇವೆ. ಮರುದಿನವೇ ಬಂದು ನನ್ನನ್ನು ಅಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ್ ಜಬೀನ್ ಚಿಕ್ಕ ವಯಸ್ಸಿನವರು, ಆ ಕಡೆಗೆ ಹೊಸಬರು. ನನ್ನನ್ನು ಮಲಗಿಸಿ, ಎದ್ದು ಕೂರಿಸಿ, ಎದೆಗೆಲ್ಲ ತಂತಿ ಅಂಟಿಸಿ ನೋಡಿದರು.

"ನೋಡಿ ಅಮ್ಮ, ಬಡಿ ಅಂತ ಹೃದಯಕ್ಕೆ ಮೇಲಿಂದ ಒಂದು ಸೂಚನೆ ಇಳಿಯುತ್ತೆ. ನಿಮ್ಮದ್ರಲ್ಲಿ ಅದು ದಾರೀಲಿ ನಿಂತು ನಿಂತು ಬರ್ತಿದೆ. ಒಂದೊಂದ್ಸಲ ಬರೋದೇ ಇಲ್ಲ. ಆಗ ಬೀಳ್ತೀರಿ. ಯಾವತ್ತೋ ಒಂದಿನ ಬಿದ್ದು ಏಳದೇ ಇರಬಹುದು. ಪೇಸ್‌ಮೇಕರ್ ಹಾಕೋಣ."

ಮೇಜಿನ ಖಾನೆಯಿಂದ ಅದರ ಮಾದರಿಯೊಂದನ್ನು ತೆಗೆದು ನನ್ನ ಅಂಗೈಗಿಟ್ಟರು. ಸುಣ್ಣದ ಡಬ್ಬಿಯಷ್ಟು ಗಾತ್ರ. ತಣ್ಣಗಿತ್ತು, ನುಣ್ಣಗಿತ್ತು.

"ಇದು ಏನ್ ಮಾಡುತ್ತೆ ಡಾಕ್ಟ್ರೇ?"

ನನ್ನ ಮುಖದಲ್ಲಿ ಭಯ ಕಂಡಿರಬೇಕು. ಧೈರ್ಯ ಹೇಳುವ ದನಿಯಲ್ಲಿ ನಕ್ಕು, "ಎದೆಯೊಳಗೆ ಒಂದು ಪುಟ್ಟ ಗಡಿಯಾರ ಅಂದ್ಕೊಳ್ಳಿ" ಅಂದರು.

ನಮ್ಮೂರಲ್ಲಿ ಹುಟ್ಟಿದ ದಾಕ್ಷಿ ತಲೆ ತಗ್ಗಿಸಿದಳು. ನಾನು ಆ ಡಬ್ಬಿಯನ್ನು ಮೇಜಿನ ಮೇಲಿಟ್ಟೆ.

ಹೊರಗೆ ಬಂದ ಮೇಲೆ ದಾಕ್ಷಿ ನನ್ನ ಮುಖ ನೋಡದೆ ಹೇಳಿದಳು. "ನಮ್ಮನೇಲೇ ಇದ್ದುಬಿಡಮ್ಮ. ಸೇತುವೆ ದಾಟೋದೇ ಬೇಡ."

"ಎಷ್ಟು ದಿನ?"

"ದಿನ ಅಂತ ಯಾಕ್ ಕೇಳ್ತೀಯ. ಇದ್ದುಬಿಡು."

ಅವಳ ಮನೆಯಲ್ಲಿ ಅಡುಗೆಮನೆಗೊಂದು, ಪಡಸಾಲೆಗೊಂದು ಗಡಿಯಾರ. ಕುಕ್ಕರಿನ ಕೂಗು ಎಣಿಸುತ್ತಾರೆಯೇ ಹೊರತು ಯಾರ ಮಣಿಕಟ್ಟೂ ಯಾರಿಗೂ ಬೇಡ. ಅಳಿಯ ಒಳ್ಳೆಯವನು, ಬೆಳಿಗ್ಗೆ ಕಾಫಿ ತಾನೇ ತಂದುಕೊಟ್ಟ. ನಾನು ಲೋಟ ಹಿಡಿದುಕೊಂಡು, ಇನ್ನು ಸಾಯುವ ತನಕ ಹೀಗೆ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಹೊತ್ತಿನಲ್ಲಿ ಕಾಫಿ ಕುಡಿಯುವುದೇ ಎಂದು ಯೋಚಿಸಿದೆ. ಡಬ್ಬಿ ಹಾಕಿಸಿಕೊಂಡು ಇಲ್ಲೇ ಇದ್ದರೆ ಬದುಕು, ಊರಿಗೆ ಹೋದರೆ ಗಡಿಯಾರದ ಹಾಗೆ ನಡುಸೇತುವೆಯಲ್ಲೇ ನಿಂತುಹೋದೇನು. ಇಷ್ಟೆಲ್ಲ ಬಾಯಿಬಿಟ್ಟು ಹೇಳಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, "ನಂಗೂ ಹಾಕಿದಾರೆ ಆಂಟಿ, ಏನೂ ಆಗಲ್ಲ" ಅಂದಿದ್ದಳು. ಅವಳ ವಯಸ್ಸಿನ ಎರಡರಷ್ಟು ದಾಟಿದ ನಾನು ಹೆದರುತ್ತೇನೆ ಅನ್ನುವುದು ಹೇಗೆ? ಡಾಕ್ಟರಿಗೆ ಹೂಂ ಅಂದೆ.

ಡಬ್ಬಿ ಹಾಕುವ ದಿನ ಹಿಂದೆ ಕಟ್ಟುವ ಹಸಿರು ಅಂಗಿ ತೊಡಿಸಿ ನನ್ನನ್ನು ಮಂಚದ ಮೇಲೆ ಮಲಗಿಸಿ ಹೋದರು. ಅಂಗಿಯ ಬೆನ್ನು ತೆರೆದೇ ಇತ್ತು. ನರ್ಸು ಏನೋ ತರಲು ಆಚೆ ಹೋದಳು. ದಾಕ್ಷಿ ಔಷಧಿಯ ಅಂಗಡಿಗೆ ಹೋಗಿದ್ದಳು. ನಾನು ಎದ್ದೆ. ಅಂಗಿಯ ಮೇಲೇ ಸೀರೆ ಸುತ್ತಿಕೊಂಡೆ. ಚಪ್ಪಲಿ ಮಂಚದ ಕೆಳಗೆ ಆ ತುದಿಯಲ್ಲಿತ್ತು, ಬಗ್ಗಿದರೆ ತಲೆ ತಿರುಗುತ್ತದೆಂದು ಬಿಟ್ಟುಬಿಟ್ಟೆ. "ಅಮ್ಮಾ, ಎಲ್ಲಿಗೆ? ಬಾತ್‌ರೂಮು ಈ ಕಡೆ!" ಎಂದು ನರ್ಸು ಕೂಗಿದ್ದು ಕೇಳಿಸಿತು. ಓಡಿಬಂದೆ ಅಂದರೆ ಸುಳ್ಳಾಗುತ್ತದೆ. ಓಡುವಂಥ ಹೃದಯ ಇದ್ದಿದ್ದರೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ನಿಂತು ನಿಂತು ನಡೆದೆ, ಸಿಕ್ಕ ಲಗೇಜು ಆಟೋದಲ್ಲಿ ಈರುಳ್ಳಿ ಮೂಟೆಗಳ ನಡುವೆ ಕೂತೆ, ಸೇತುವೆ ದಾಟಿದೆ. ಮನೆಗೆ ಹೋಗಲು ಮುಖವಿರಲಿಲ್ಲ. ಹಿತ್ತಲಿನಿಂದ ಬಂದು ಬಣ್ಣದ ಕೊಟ್ಟಿಗೆಯ ಮೂಲೆಯಲ್ಲಿ, ಬೇರಿನ ಚೀಲಗಳ ಹಿಂದೆ ಕುಳಿತೆ.

ಸೌದೆಗೆಂದು ಬಂದ ತುಂಗಕ್ಕ ನನ್ನನ್ನು ಕಂಡಳು. ಮೊದಲು ಕಾಲು ನೋಡಿದಳು, ಆಮೇಲೆ ಸೀರೆಯ ಕೆಳಗೆ ಇಣುಕುತ್ತಿದ್ದ ಹಸಿರನ್ನು.

"ಏಳೇ. ಅದನ್ನ ಮೊದ್ಲು ಬಿಚ್ಚು. ಯಾರಾದ್ರೂ ನೋಡಿದ್ರೆ ನಾಟಕದ ಕಂಪನಿ ಸೇರಿದ್ಲು ಅಂತಾರೆ."

ಬೆನ್ನಿನ ಗಂಟು ನನ್ನ ಕೈಗೆ ಎಟುಕಲಿಲ್ಲ. ಅವಳು ನನ್ನನ್ನು ತಿರುಗಿಸಿ ಕುತ್ತಿಗೆಯ ಗಂಟು ಬಿಚ್ಚಿದಳು, ಸೊಂಟದ್ದು ಬಿಚ್ಚಿದಳು. "ಒಳಗೂ ಒಂದಿರುತ್ತೆ, ಕಂಕುಳ ಹತ್ರ" ಎಂದು ನೋಡದೆಯೇ ಕೈಹಾಕಿ ಎಳೆದಳು. ಅಂಗಿ ಜಾರಿ ನೆಲಕ್ಕೆ ಬಿತ್ತು.

ನಾನು ಸೆರಗು ಹಿಡಿದುಕೊಂಡು ಅವಳ ಕಡೆ ತಿರುಗಿದೆ. "ಅದು ನಿಂಗೆ ಹೇಗೆ ಗೊತ್ತಕ್ಕ?"

ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು. ಕಾಲರಿನ ಹುಕ್ಕು ತೆಗೆದು ನನ್ನ ಕೈ ಹಿಡಿದು ಎಡಗಡೆ ಕತ್ತಿನೆಲುಬಿನ ಕೆಳಗಿಟ್ಟುಕೊಂಡಳು. ಚರ್ಮದ ಅಡಿಯಲ್ಲಿ ಗಟ್ಟಿಯಾಗಿ, ದುಂಡಗೆ, ಬೆಚ್ಚಗೆ. ಸುಣ್ಣದ ಡಬ್ಬಿಯಷ್ಟು.

"ಪೊಲೀಸಿನವಳು ಅಂದ್ಯಂತೆ. ಲಕುಮಿ ಬಂದು ಹೇಳಿದ್ಲು" ಅಂದಳು.

ಹಂಡೆಯೊಳಗೆ ಮುಳುಗಿಬಿಡೋಣ ಅನ್ನಿಸಿತು. ಮಾತು ತಿರುಗಿಸಿ ಕೇಳಿದೆ. "ಹಾಗಾದ್ರೆ ಯಾತ್ರೆ?"

"ಯಾವ ಯಾತ್ರೆ ಬಂತು! ಆಸ್ಪತ್ರೇಲಿ ಬಿದ್ದಿದ್ದೆ. ಪ್ರಸಾದ ಅಂತ ನೀವೆಲ್ಲ ಕಣ್ಣಿಗೊತ್ತಿಕೊಂಡು ತಿಂದ್ರಲ್ಲ ಲಾಡು, ಬಸ್‌ಸ್ಟ್ಯಾಂಡಿನ ಬೇಕರೀದು."

"ಸೇತುವೇಲಿ ನಿಲ್ಲಲಿಲ್ವ ಅಕ್ಕ?"

ತುಂಗಕ್ಕ ಸೌದೆಯ ಮೇಲೆ ಕುಳಿತಳು. "ಆ ಕಡೆ ಟೀ ಅಂಗಡಿ ಬೆಂಚಲ್ಲಿ ಬೆಳಿಗ್ಗೆಯಿಂದ ಕೂತೆ. ಕಾಲು ಏಳ್ಲಿಲ್ಲ. ಬಸ್ಸು ಬಂತು, ಹೋಯ್ತು. ಕೂತಿದ್ದಕ್ಕೆ ಟೀ ಕುಡೀಬೇಕಲ್ಲ, ಕುಡಿದೆ. ಇನ್ನೊಂದು ಕುಡಿದೆ. ಆಮೇಲೆ ಉಚ್ಚೆಗೆ ಅವಸರ ಆಯ್ತು ಕಣೆ. ಆ ಕಡೆ ನೋಡಿದ್ರೆ ಬರೀ ಬಯಲು, ಬರೀ ಗಂಡಸರು. ಈ ಕಡೆ ಸೇತುವೆ ಇಳಿದ್ರೆ ಹೊಂಗೆಗಿಡದ ಮರೆ. ತಡೆದೆ, ತಡೆದೆ, ಆಗ್ಲಿಲ್ಲ. ಸತ್ರೂ ಮಾನವಾಗಿ ಸಾಯೋಣ ಅಂತ ಸೀರೆ ಎತ್ಕೊಂಡು ಓಡಿದೆ. ನಡುಸೇತುವೆ ಯಾವಾಗ ದಾಟ್ತೋ! ಗಿಡದ ಮರೇಲಿ ಕೂತಮೇಲೇ ನೆನಪಾಗಿದ್ದು, ಅಯ್ಯೋ ನಾನಿನ್ನೂ ಇದೀನಲ್ಲ ಅಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವಳು ಮಾತ್ರ ನಗಲಿಲ್ಲ. "ಯಾಕೆ ನಿಲ್ಲಲಿಲ್ಲ ಅಂತ ನಂಗೊತ್ತಿಲ್ಲ. ಗಡಿಯಾರ ಯಾರಿದ್ರೂ ಯಾರ್ ಹೋದ್ರೂ ತನ್ನ ಪಾಡಿಗೆ ನಡೀತಿರುತ್ತೆ. ಇದು ಹಂಗಲ್ಲ. ನನ್ನ ಎದೆ ಬಡಿದ್ರೆ ಸುಮ್ನಿರುತ್ತೆ, ಮರೆತ್ರೆ ಮಾತ್ರ ತಿವಿಯುತ್ತೆ. ಬಾಣಂತಿ ಕೂಸಿನ ಪಕ್ಕ ಅರೆ ಎಚ್ಚರದಲ್ಲಿ ಮಲಗಿರಲ್ವ, ಹಂಗೆ. ಅಷ್ಟೇ ನನ್ನ ಲೆಕ್ಕ."

"ಬೀದೀಲಿ ಯಾರಿಗೂ ಹೇಳ್ಲೇ ಇಲ್ವಲ್ಲ ನೀನು."

"ಹೇಳಿದ್ರೆ ನನ್ನ ಕೈಯಿಂದ ಹೊತ್ತು ತಗೋತಾರಾ? ಗಂಡ ಇಲ್ಲ, ಮಕ್ಕಳಿಲ್ಲ. ಇರೋದು ಅದೊಂದು ಜಾಗಟೆ. ನೀನೂ ಬಾಯಿ ಬಿಡಬೇಡ." ಹುಕ್ಕು ಹಾಕಿಕೊಂಡು ಸೌದೆ ಎತ್ತಿಕೊಂಡಳು. ಬಾಗಿಲಲ್ಲಿ ನಿಂತು ಅಂದಳು, "ಹೆದರಿಕೆಗೆ ನಾಚ್ಕೋಬೇಡ ಹಂಪಿ. ನಾಚ್ಕೊಂಡು ಬಚ್ಚಿಟ್ಕೊಂಡು ನೋಡಿದೀನಿ. ಸೆಕೆ ಕಣೆ, ಬಹಳ ಸೆಕೆ."

ಮಾರ್ಕಂಡಪ್ಪ ನನ್ನನ್ನು ಹುಡುಕಿಕೊಂಡು ಆಸ್ಪತ್ರೆಯವರೆಗೆ ಹೋಗಿ ಬಂದರು. ಬೈಯಲಿಲ್ಲ. ಮರುದಿನ ಬೆಳಿಗ್ಗೆ ಏನೂ ಆಗದವರಂತೆ ಹಂಡೆಗೆ ನೀರು ತುಂಬಿದರು. ನಾನು ಎಣಿಕೆಗೆ ಕೂರಲಿಲ್ಲ.

"ರೀ, ಬಣ್ಣ ಕಡುವಾಗಿದ್ದು ನನ್ನ ಕೈಗುಣ ಅಲ್ಲ. ನನ್ನ ಎದೆ ನಿಧಾನ ಆಗಿದ್ದಕ್ಕೆ" ಅಂದೆ.

ಅವರು ಹಂಡೆಯನ್ನು ಕದಡುತ್ತಲೇ ಇದ್ದರು. "ಹೂಂ" ಅಂದರು.

ಆ ಒಂದು ಹೂಂಕಾರದಲ್ಲಿ ನನಗೆ ಎಲ್ಲ ತಿಳಿಯಿತು. "ಯಾವಾಗಿಂದ ಗೊತ್ತು ನಿಮ್ಗೆ?"

"ಶ್ರಾವಣದಿಂದ."

ಅದು ಮಾಘಮಾಸ. ಅಷ್ಟು ದಿನ ಕೋಲು ಹಿಡಿದು ನನ್ನ ಮುಂದೆ ನಿಂತಿದ್ದಾರೆ, ಬಟ್ಟೆ ನೋಡಿದ್ದಾರೆ, ನನ್ನ ಮುಖ ನೋಡಿದ್ದಾರೆ. ಕೋಪ ಬರಬೇಕಿತ್ತು, ಬರಲಿಲ್ಲ. ನನಗೂ ಅಷ್ಟೇ ದಿನದಿಂದ ಗೊತ್ತಿತ್ತು. "ಕಡುಗೆಂಪೇ ಬೇಕಿದ್ರೆ ನನ್ನನ್ನ ಡಾಕ್ಟ್ರಿಗೆ ತೋರಿಸಿ ಎಣಿಕೆ ಹೆಚ್ಚು ಮಾಡಬಹುದಿತ್ತಲ್ರೀ" ಅಂದೆ.

"ಹೆಚ್ಚು ಮಾಡು ಅಂದ್ರೆ ಯಾಕೆ ಅಂತ ಹೇಳಬೇಕಾಗ್ತಿತ್ತು" ಅಂದರು. ಮೊಣಕೈವರೆಗೆ ಕೆಂಪಾಗಿದ್ದ ಎರಡೂ ಕೈಗಳನ್ನು ಹಂಡೆಯಿಂದ ತೆಗೆದು, ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಹಾಗೇ ಮುಂದಕ್ಕೆ ಚಾಚಿಕೊಂಡು ನಿಂತರು. ಆಮೇಲೆ ಒಲೆಯ ಸೌದೆ ಹಿರಿದು ನೀರು ಚಿಮುಕಿಸಿದರು. "ನಡಿ, ಹೋಗೋಣ. ಚಪ್ಪಲಿ ಅಲ್ಲೇ ಇದೆ."

ಎರಡನೆಯ ಸಲ ನರ್ಸು ನನ್ನ ಗುರುತು ಹಿಡಿದು ನಕ್ಕಳು. ನಾನು ತಲೆ ಎತ್ತಲಿಲ್ಲ. ಡಾಕ್ಟರಿಗೆ ಮಾತ್ರ ಹೇಳಿದೆ, "ಹೆದರಿಕೆ ಆಗ್ತಿದೆ ತಾಯಿ." ಹೇಳಿದ್ದು ಮೊದಲ ಸಲ. ಅವರು, "ಆಗ್ಲಿ ಬಿಡಿ, ಅದರ ಪಾಡಿಗೆ ಅದು ಆಗ್ತಿರಲಿ, ನಾವು ನಮ್ಮ ಕೆಲಸ ಮಾಡೋಣ" ಅಂದರು. ಮುಖದ ಮೇಲೆ ಬಟ್ಟೆಯ ಮರೆ ಕಟ್ಟಿದರು. ಜಾಗ ಮರಗಟ್ಟಿಸಿದ್ದರು, ಎಚ್ಚರವಿತ್ತು. ಯಾರೋ ಹರೆಯದ ಹುಡುಗನ ದನಿ ನನ್ನ ಬರಿಯ ಎದೆಯ ಮೇಲಿಂದ ಹಾದು ಏನೋ ಕೇಳಿದಾಗ ಕಣ್ಣು ಮುಚ್ಚಿಕೊಂಡೆ. ನೋವಿಗಿಂತ ಹೆಚ್ಚಾಗಿ ನೆನಪಿರುವುದು ಅದೇ. ಎಲುಬಿನ ಕೆಳಗೆ ಒತ್ತಿದ ಹಾಗಾಯಿತು, ಎಳೆದ ಹಾಗಾಯಿತು. ಒಂದು ಕ್ಷಣದಲ್ಲಿ, ಬಹಳ ದಿನದಿಂದ ಮುಚ್ಚಿದ್ದ ಕಿಟಕಿ ತೆಗೆದಂತೆ, ಕಾಲಿನ ಬೆರಳುಗಳು ಬೆಚ್ಚಗಾದವು.

ಊರಿಗೆ ಹೊರಟ ದಿನ ಸೇತುವೆ ಶುರುವಾಗುವ ಮೊದಲೇ ಇಳಿದೆವು. ನಡೆದೇ ದಾಟುತ್ತೇನೆ ಅಂದಿದ್ದೆ. ಮಾರ್ಕಂಡಪ್ಪ ಅಳಿಯನ ವಾಚು ಇಸಕೊಂಡು ಕಟ್ಟಿಕೊಂಡಿದ್ದರು. ಜನ್ಮದಲ್ಲಿ ವಾಚು ಕಟ್ಟಿದವರಲ್ಲ. ದಾಕ್ಷಿ ಹಿಂದೆ ಬಂದಳು. ಆ ತುದಿಯಲ್ಲಿ ನಮ್ಮ ಬೀದಿಯವರೆಲ್ಲ ನಿಂತಿದ್ದರು. ನನ್ನ ಎಡಗೈ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿತ್ತು. ಬಲಗೈ ಬೆರಳು ಮಣಿಕಟ್ಟಿನ ಮೇಲಿತ್ತು. ಎದೆಯ ಪಟ್ಟಿ ಅಷ್ಟು ಜನಕ್ಕೂ ಕಾಣುತ್ತಿದೆ ಅನ್ನಿಸಿ ಸೆರಗು ಎಳೆದುಕೊಂಡೆ.

ನಡುವೆ ಬಂದಾಗ ಮಾರ್ಕಂಡಪ್ಪ ಗಕ್ಕನೆ ನಿಂತರು. "ವಾಚು ನಿಂತ್ಹೋಯ್ತು" ಅಂದರು. ನನ್ನನ್ನೇ ನೋಡುತ್ತಿದ್ದರು. ನಾನೂ ನಿಂತೆ. ಬೆರಳಿನ ಕೆಳಗೆ ಏನೂ ಇಲ್ಲ ಅನ್ನಿಸಿತು. ಆಗ ಯಾಕೋ ಸೀರೆ ಎತ್ತಿಕೊಂಡು ಇದೇ ಜಾಗ ದಾಟಿ ಓಡಿದ ತುಂಗಕ್ಕ ಕಣ್ಣಿಗೆ ಕಟ್ಟಿದಳು. ಕಾಲರು ಗೀಲರು ಎಲ್ಲ ಸಹಿತ. ನನಗೆ ನಗು ಬಂತು. ತಡೆಯಲಾಗದ, ಹೊಟ್ಟೆಯಿಂದ ಏಳುವ ನಗು. ನಗುತ್ತಿರುವಾಗಲೇ ಬೆರಳಿನ ಕೆಳಗೆ ಅದು ಬಡಿಯಿತು, ಮತ್ತೆ ಬಡಿಯಿತು. "ನಡೀರಿ" ಅಂದೆ.

ಆ ತುದಿಯಲ್ಲಿ ಲಕುಮಮ್ಮ ಕಣ್ಣೊರೆಸಿಕೊಂಡರು. ಒರೆಸಿಕೊಂಡ ಮರುಕ್ಷಣ ನಾಲಿಗೆ ಮರಳಿ ಬಂತು. "ಏನ್ ಹಂಪಕ್ಕ, ಇನ್ಮೇಲೆ ನಿಮ್ಮನೇದು ಮಿಷನ್ ಹೊತ್ತಾ? ನಾವಂತೂ ತುಂಗಕ್ಕನ ಹೊತ್ತು ನಂಬ್ಕೊಂಡಿರೋರಪ್ಪ. ಅದು ದೇವರು ಕೊಟ್ಟಿದ್ದು."

ಎಲ್ಲರೂ ನಕ್ಕರು. ಗುಂಪಿನ ಹಿಂದೆ ಕಾಲರಿನ ಹುಕ್ಕು ಬಿಗಿದುಕೊಂಡು ನಿಂತಿದ್ದ ತುಂಗಕ್ಕ ನೆಲ ನೋಡಿದಳು. ಕೊಡಬೇಕಾದ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ನುಂಗಿದೆ. "ಹೌದು ಲಕುಮಮ್ಮ, ಮಿಷನ್ ಹೊತ್ತೇ" ಅಂದು ಸೆರಗು ಸರಿಸಿ ಪಟ್ಟಿ ತೋರಿಸಿದೆ. ಬಾವಿಕಟ್ಟೆಯ ಹಳೆಯ ಮಾತು ನೆನಪಾಗಿ ಕಿವಿ ಬಿಸಿಯಾಯಿತು. ಎಲ್ಲರೂ ನೋಡಿದರು. ಆಮೇಲೆ ನೋಡುವುದು ಮುಗಿಯಿತು, ಮನೆಯ ಕಡೆ ನಡೆದರು.

ನಾನು ನಡುಮನೆಯಲ್ಲಿ ಚಾಪೆಯ ಮೇಲೆ ಒರಗಿದೆ. ಅಡುಗೆಗೆ ಒಲೆ ಹಚ್ಚುವ ಹೊತ್ತು ಮೀರುತ್ತಿತ್ತು, ಜಾಗಟೆ ಕೇಳಿಸಲಿಲ್ಲ. ಬೀದಿಯಲ್ಲಿ ಗುಸುಗುಸು ಎದ್ದಿತು. "ತುಂಗಕ್ಕಾ, ಇನ್ನೂ ಹೊತ್ತಾಗ್ಲಿಲ್ವಾ?" ಎಂದು ಲಕುಮಮ್ಮ ಕೂಗಿದರು.

ತುಂಗಕ್ಕ ಒಳಗೆ ಬಂದು ನನ್ನ ಪಕ್ಕ ಕುಳಿತಳು. "ಕತ್ತರಿ ಎಲ್ಲಿಟ್ಟಿದೀಯೆ?"

"ಅಕ್ಕ, ನಾನೇನೂ ಹೇಳಲಿಲ್ಲ."

"ಅದಕ್ಕೇ ಕೇಳ್ತಿರೋದು. ಕೊಡು."

ಎಡಗೈ ಎತ್ತುವಂತಿರಲಿಲ್ಲ. ಅವಳು ಬಟ್ಟೆ ಎಳೆದು ಹಿಡಿದಳು, ನಾನು ಒಂದೇ ಕೈಯಲ್ಲಿ ಕತ್ತರಿಸಿದೆ. ಡೊಂಕುಡೊಂಕಾಗಿ, ದಾರ ಜೋತುಬಿದ್ದು, ಕಾಲರು ಬಿಚ್ಚಿಬಂತು. ಕೆಳಗಿನ ಚರ್ಮ ಬಿಸಿಲು ಕಾಣದೆ ಬೆಳ್ಳಗಿತ್ತು, ಅದರ ನಡುವೆ ಗೀರು. ಅವಳು ಕೊರಳು ಮುಟ್ಟಿ ನೋಡಿಕೊಂಡಳು. ನನ್ನ ಮಣಿಕಟ್ಟು ಹಿಡಿದಳು, ತನ್ನದನ್ನು ನನ್ನ ಬೆರಳಿಗೆ ಕೊಟ್ಟಳು. ಹಾಗೇ ಕುಳಿತೆವು. ಎರಡೂ ಎದೆಯಲ್ಲಿ ಡಬ್ಬಿ ಇದ್ದರೂ ಎರಡು ಬಡಿತ ಒಂದಾಗಿರಲಿಲ್ಲ. ಹೆದರಿದ್ದ ಅವಳದು ಮುಂದೆ ಮುಂದೆ ಓಡುತ್ತಿತ್ತು.

"ಬರ್ಲಾ ಜೊತೆಗೆ?"

"ಬೇಡ. ನೀನು ಮಲಗು."

ಅವಳು ಜಗುಲಿಗೆ ಹೋಗಿ ಬೀದಿಗೆ ಎದುರಾಗಿ ನಿಂತಳು. ಗುಸುಗುಸು ಒಮ್ಮೆಲೇ ನಿಂತಿತು. ನಾನು ಕಿಟಕಿಯ ಸರಳು ಹಿಡಿದು ನೋಡುತ್ತಿದ್ದೆ. ಲಕುಮಮ್ಮ ಅವಳ ಕೊರಳನ್ನು ನೋಡಿದರು, ನಮ್ಮ ಕಿಟಕಿಯ ಕಡೆ ನೋಡಿದರು, ಏನೋ ಅನ್ನಲು ಬಾಯಿ ತೆಗೆದರು. ಅಷ್ಟರಲ್ಲಿ ಜಾಗಟೆಗೆ ಏಟು ಬಿತ್ತು.

ಲಕುಮಮ್ಮ ಬಾಯಿ ಮುಚ್ಚಿ ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಬೀದಿಯಲ್ಲಿ ಯಾರೂ ಅಲುಗಲಿಲ್ಲ. ತುಂಗಕ್ಕ ಜಾಗಟೆ ಬಾರಿಸಿದ ಕೊಡತಿ ಹಿಡಿದುಕೊಂಡು ನಿಂತೇ ಇದ್ದಳು. ಸ್ವಲ್ಪ ಹೊತ್ತಿನ ಮೇಲೆ ಲಕುಮಮ್ಮನ ಮನೆಯ ಹೆಂಚಿನ ಸಂದಿಯಿಂದ ಒಲೆಯ ಹೊಗೆ ಎದ್ದಿತು.